ಗ್ರಾಹಕರು “ಈ ಹುಡುಗಿ ಬೇಡ” ಎಂದರೆ ಮಾಲೀಕರು ಏನು ಮಾಡಬೇಕು? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕುವೆಂಪುನಗರ, ಮೈಸೂರು):
ವಯಸ್ಸಾದವರ ಆರೈಕೆಗೆ ಮನೆಗಳಿಗೆ ಜನರನ್ನು ಕಳಿಸುವ ಸಣ್ಣ ಸಂಸ್ಥೆ ನನ್ನದು. ಹನ್ನೊಂದು ಮಂದಿ ಇದ್ದಾರೆ. ಅವರಲ್ಲಿ ಒಬ್ಬಳು ಉತ್ತರ ಕನ್ನಡದ ಯಲ್ಲಾಪುರದ ಕಡೆಯ ಸಿದ್ದಿ ಹುಡುಗಿ. ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಇಲ್ಲೇ ನೆಲೆಸಿದವರ ಪೀಳಿಗೆ. ಹಾಸಿಗೆ ಹಿಡಿದವರ ಮೈ ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲದರಲ್ಲೂ ಅವಳದು ಎತ್ತಿದ ಕೈ. ಕಳೆದ ತಿಂಗಳು ಜಯಲಕ್ಷ್ಮೀಪುರದ ಒಂದು ಮನೆಗೆ ಕಳಿಸಿದೆ. ಮನೆಯೊಡತಿ ಅವಳನ್ನು ಗೇಟಿನ ಹೊರಗೇ ನಿಲ್ಲಿಸಿ ನನಗೆ ಫೋನ್ ಮಾಡಿದರು: “ಆಫ್ರಿಕಾದವಳನ್ನು ಯಾಕೆ ಕಳಿಸಿದ್ದೀರಿ? ನೋಡಲು ನಮ್ಮ ಹಾಗಿರುವವರನ್ನು ಕಳಿಸಿ.” ಬ್ಯಾಗು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತಿದ್ದ ಹುಡುಗಿ, “ಅಮ್ಮಾ, ನಾನು ಕನ್ನಡದವಳೇ” ಎಂದದ್ದು ನನಗೆ ಫೋನಿನಲ್ಲಿ ಕೇಳಿಸಿತು. ನಾನು ಬೇರೊಬ್ಬರನ್ನು ಕಳಿಸಿದೆ. “ನಿನಗೆ ಇನ್ನಷ್ಟು ನೋವಾಗಬಾರದೆಂದು ಹೀಗೆ ಮಾಡಿದೆ” ಎಂದು ಅವಳಿಗೆ ಹೇಳಿದೆ. ಬೇರೆ ಮನೆ ಸಿಗುವವರೆಗೆ ಹದಿನೈದು ದಿನ ಅವಳಿಗೆ ಕೂಲಿ ಇರಲಿಲ್ಲ. ನಾನು ಮಾಡಿದ್ದು ಸರಿಯೇ?

ಉತ್ತರ (ಕಾರ್ಮಿಕ ಕಾನೂನು ವಕೀಲ, ಮೈಸೂರು):
ಸರಿಯಲ್ಲ. ಕೆಟ್ಟ ಮಾತಾಡಿದವರು ಆ ಮನೆಯವರು, ದಂಡ ತೆತ್ತವಳು ಈ ಹುಡುಗಿ. ಆ ದಂಡವನ್ನು ವಸೂಲು ಮಾಡಿದವರು ನೀವು. ಮನಸ್ಸಿನಲ್ಲಿ ಕರುಣೆಯೇ ಇತ್ತು ಎಂದು ನಂಬುತ್ತೇನೆ, ಆದರೆ ಕರುಣೆಯ ಲೆಕ್ಕ ಅವಳ ಜೇಬಿನಿಂದ ಹೋಗಿದೆ. ಮೊದಲು ಆ ಹದಿನೈದು ದಿನಗಳ ಕೂಲಿ ಕೊಡಿ.

ಈಗ ಕಾನೂನು. ಖಾಸಗಿ ಕೆಲಸದಲ್ಲಿ ಜನಾಂಗ, ಮೈಬಣ್ಣ ನೋಡಿ ತಾರತಮ್ಯ ಮಾಡುವುದನ್ನು ನೇರವಾಗಿ ತಡೆಯುವ ಸಮಗ್ರ ಕಾಯ್ದೆ ನಮ್ಮಲ್ಲಿ ಇಲ್ಲ. ಸಂವಿಧಾನದ 15(2)ನೇ ವಿಧಿಯ ಪ್ರಕಾರ ಜನಾಂಗ, ಜಾತಿ, ಹುಟ್ಟಿದ ಊರು ಇಂಥ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲುಗಳಿಂದ ದೂರ ಇಡುವಂತಿಲ್ಲ. 16ನೇ ವಿಧಿ ಸರ್ಕಾರಿ ನೌಕರಿಯ ಮಾತಾಡುತ್ತದೆ. ಅಂದರೆ ಹೋಟೆಲಿಗೆ ಊಟಕ್ಕೆ ಹೋದರೆ ಈ ಹುಡುಗಿಗೆ ಸಿಗುವ ನೇರ ರಕ್ಷಣೆ, ಅದೇ ಹೋಟೆಲಿನಲ್ಲಿ ಬಡಿಸಲು ನಿಂತರೆ ಸಿಗುವುದಿಲ್ಲ. ಇಷ್ಟು ವರ್ಷ ವಕೀಲಿ ಮಾಡಿದ ಮೇಲೂ ಈ ಕೊರತೆ ನನ್ನನ್ನು ಕಾಡುತ್ತದೆ.

ಹಾಗೆಂದು ಕಾನೂನು ಪೂರ್ತಿ ಬರಿಗೈಯಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಸಜೆ. ಇಲ್ಲಿ ಎರಡು ತೊಡಕುಗಳಿವೆ. ಪಟ್ಟಿಯಲ್ಲಿ ಸಿದ್ದಿಗಳಿಗೆ ಜಿಲ್ಲೆಯ ಮಿತಿ ಇದೆ. ಮೈಸೂರಿನಲ್ಲಿ ನಡೆದ ಘಟನೆಗೆ ಕಾಯ್ದೆ ಅನ್ವಯಿಸದು ಎಂದು ಎದುರು ಪಕ್ಷ ವಾದಿಸಬಹುದು. ಇನ್ನೊಂದು, ಹೊರಗಿನವರು ಯಾರೂ ಇಲ್ಲದೆ ಮನೆಯ ನಾಲ್ಕು ಗೋಡೆಗಳೊಳಗೆ ಆಡಿದ ಮಾತು “ಸಾರ್ವಜನಿಕರ ಕಣ್ಣೆದುರು” ಎನಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗೇಟಿನ ಬಳಿ, ರಸ್ತೆಗೆ ಕೇಳುವಂತೆ ಆಡಿದ ಮಾತಿನ ಕಥೆ ಬೇರೆ. ಅಕ್ಕಪಕ್ಕದಲ್ಲಿ ಯಾರಿದ್ದರು ಎಂದು ಹುಡುಗಿಯನ್ನು ಕೇಳಿ ಬರೆದಿಡಿ. ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ಒತ್ತಾಯವೂ ಬೇಡ, ತಡೆಯುವುದೂ ಬೇಡ.

ನಿಮ್ಮ ಕಸುಬಿನದೇ ಒಂದು ಪ್ರಕರಣ ಅಮೆರಿಕದಲ್ಲಿ ನಡೆದಿದೆ. ಇಂಡಿಯಾನಾ ರಾಜ್ಯದ ಒಂದು ಆರೈಕೆ ಕೇಂದ್ರದಲ್ಲಿ ಕಪ್ಪು ಸಹಾಯಕಿಯರು ಬೇಡ ಎಂದ ರೋಗಿಯ ಇಷ್ಟವನ್ನು ದಿನದ ಕೆಲಸದ ಹಾಳೆಯಲ್ಲೇ ಬರೆದು ಸಿಬ್ಬಂದಿಗೆ ಕೊಡುತ್ತಿದ್ದರು. ರೋಗಿಯ ಆಯ್ಕೆಯನ್ನು ಗೌರವಿಸಿದೆವು ಎಂಬ ಸಮಜಾಯಿಷಿಯನ್ನು 2010ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. 1964ರ ನಾಗರಿಕ ಹಕ್ಕು ಕಾಯ್ದೆಯ ಪ್ರಕಾರ ಅದು ತಾರತಮ್ಯವೇ ಎಂದಿತು. ಆ ತೀರ್ಪು ನಮ್ಮನ್ನು ಕಟ್ಟಿಹಾಕದು. ಆದರೂ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಹಾಳೆ. ದಿನಾ ಬೆಳಿಗ್ಗೆ ಅದನ್ನು ಕೈಗೆ ತೆಗೆದುಕೊಂಡು ಕೆಲಸ ಶುರು ಮಾಡಬೇಕಾಗಿದ್ದವರ ಪಾಡು ಏನಿದ್ದಿರಬೇಕು!

ಪ್ರಶ್ನೆ (ಮಂಡ್ಯ):
ಹೆದ್ದಾರಿ ಬದಿಯಲ್ಲಿ ನನ್ನ ಹೋಟೆಲ್ ಇದೆ. ಮಣಿಪುರದ ಹುಡುಗನೊಬ್ಬ ಬಡಿಸುತ್ತಾನೆ. ಕೆಲವರು “ಚೀನಾದವನು ಬೇಡ” ಎನ್ನುತ್ತಾರೆ. ಸಂಬಳ ಕಡಿಮೆ ಮಾಡದೆ ಅವನನ್ನು ಒಳಗೆ ಅಡುಗೆಮನೆಗೆ ಹಾಕಿದರೆ ತೊಂದರೆ ಇಲ್ಲ ತಾನೆ?

ಉತ್ತರ:
ಅವನು ತಾನಾಗಿ ಕೇಳಿದರೆ ಹಾಕಿ. ನೀವಾಗಿ ಹಾಕಿದರೆ ಅವನನ್ನು ಬಚ್ಚಿಟ್ಟಂತೆ. ಟಿಪ್ಸ್ ಕೂಡ ತಪ್ಪುತ್ತದೆ, ಅದೂ ಸಂಪಾದನೆಯೇ. ಗಲ್ಲಾಪೆಟ್ಟಿಗೆಯಿಂದ ಎದ್ದು ಆ ಮೇಜಿನ ಬಳಿ ನೀವೇ ಹೋಗಿ. ದನಿ ಏರಿಸದೆ ಹೇಳಿ: “ಇವನು ನಮ್ಮ ಹುಡುಗ. ಬಡಿಸುವುದು ಇವನೇ. ಊಟದಲ್ಲಿ ಕೊರತೆ ಇದ್ದರೆ ನನಗೆ ಹೇಳಿ.” ಬಹುತೇಕರು ತಟ್ಟೆ ನೋಡಿಕೊಂಡು ಸುಮ್ಮನಾಗುತ್ತಾರೆ. ಎದ್ದು ಹೋಗುವವರು ಹೋಗಲಿ.

2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಹಲ್ಲೆಗೊಳಗಾಗಿ ಪ್ರಾಣ ಬಿಟ್ಟ. ಜಗಳ ಹೊತ್ತಿಕೊಂಡದ್ದು ಅವನ ಕೂದಲು, ರೂಪವನ್ನು ಗೇಲಿ ಮಾಡಿದ್ದರಿಂದ. ಅದಾದ ಮೇಲೆ ಈಶಾನ್ಯ ರಾಜ್ಯಗಳವರ ಇಂಥ ಸಂಕಷ್ಟಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ಇಂಥ ನಿಂದನೆಗಾಗಿಯೇ ಹೊಸ ಕಾನೂನು ತರಬೇಕು, ಇಲ್ಲವೇ ದಂಡ ಸಂಹಿತೆಗೆ ತಿದ್ದುಪಡಿ ಮಾಡಬೇಕು ಎಂದು ಸಮಿತಿ ಹೇಳಿತು. ಹಾಗಾಗಿ “ಚೀನಾದವನು” ಎಂಬ ಮಾತನ್ನು ತಮಾಷೆ ಎಂದು ತಳ್ಳಿಹಾಕಬೇಡಿ.

ಅಡುಗೆಯವರ ಜಾತಿ ಕೇಳುವ ಗಿರಾಕಿಗಳೂ ನಿಮ್ಮಲ್ಲಿಗೆ ಬರಬಹುದು. ಅಲ್ಲಿ ಕಾನೂನು ಇನ್ನೂ ಸ್ಪಷ್ಟ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರನ್ನು ಕೆಲಸದಿಂದ ದೂರ ಇಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಿರಾಕಿ ಹೇಳಿದ ಎಂದು ತೆಗೆದರೂ ತೆಗೆದವರು ನೀವೇ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ನನ್ನ ತಾಯಿಗೆ ಮರೆವಿನ ಕಾಯಿಲೆ. ಸ್ನಾನ ಮಾಡಿಸಲು ಹೆಂಗಸೇ ಬೇಕು, ಕನ್ನಡ ಬರಬೇಕು ಎಂದು ಕೇಳಿದೆ. ಅದೂ ತಾರತಮ್ಯವೇ?

ಉತ್ತರ:
ಖಂಡಿತ ಅಲ್ಲ. ಸ್ನಾನಕ್ಕೆ ಹೆಂಗಸನ್ನು ಕೇಳುವುದು ತಾಯಿಯವರ ಮಾನದ ಪ್ರಶ್ನೆ. ನೋವು ಎಲ್ಲಿ ಎಂದು ಹೇಳಿಕೊಳ್ಳಲು ಭಾಷೆ ಬೇಕು. ಮೈಬಣ್ಣಕ್ಕೂ ಆರೈಕೆಗೂ ಅಂಥ ಸಂಬಂಧವಿಲ್ಲ. ಮರೆವಿನವರು ಹೊಸ ಮುಖ ಕಂಡು ನಿಜಕ್ಕೂ ಬೆದರುತ್ತಾರೆ, ಯಾರ ಮುಖವೇ ಆಗಲಿ. ಮೊದಲ ಎರಡು ಮೂರು ದಿನ ನೀವೂ ಜೊತೆಯಲ್ಲಿ ಕುಳಿತು ಕಾಫಿ ಕುಡಿಯಿರಿ.

ಪ್ರಶ್ನೆ (ಕುವೆಂಪುನಗರದವರು ಮತ್ತೆ):
ಕೂಲಿ ಕೊಟ್ಟೆ. ಹಣ ಎಣಿಸಿಕೊಂಡು, “ಆವತ್ತು ನೀವು ಫೋನಿನಲ್ಲಿ ಏನಾದರೂ ಹೇಳುತ್ತೀರಿ ಎಂದು ಕಾದೆ” ಎಂದಳು. ನನಗೆ ಮಾತು ಬರಲಿಲ್ಲ. ಆ ಮನೆಯವರು ಮುಂದಿನ ತಿಂಗಳಿಗೂ ಜನ ಕೇಳುತ್ತಿದ್ದಾರೆ.

ಉತ್ತರ:
ಆ ಮನೆಗೆ ಹೋಗಲು ಒಪ್ಪಿಗೆಯೇ ಎಂದು ಮೊದಲು ಅವಳನ್ನೇ ಕೇಳಿ. ಬೇಡ ಎಂದರೆ ಕೂಲಿ ಕಡಿಯದೆ ಬೇರೆ ಮನೆ ಕೊಡಿ. ಆ ಮನೆಯವರಿಗೆ ಇಷ್ಟನ್ನು ಬರೆದು ಕಳಿಸಿ: “ಕೆಲಸ ಸರಿಯಿಲ್ಲದಿದ್ದರೆ ಬದಲಿ ಕಳಿಸುತ್ತೇವೆ. ಬಣ್ಣ, ಜಾತಿ, ಊರು ನೋಡಿ ಬದಲಿ ಕಳಿಸುವುದಿಲ್ಲ. ಒಪ್ಪಿಗೆಯಿದ್ದರೆ ತಿಳಿಸಿ.” ಇದೇ ಸಾಲು ಎಲ್ಲ ಗ್ರಾಹಕರ ಒಪ್ಪಂದದಲ್ಲೂ ಇರಲಿ, ಮುಂಗಡ ಪಡೆಯುವ ಮೊದಲೇ ಓದಿಸಿ. ಕಳಿಸುವ ಮುನ್ನ ಆ ಸಂದೇಶವನ್ನು ಹುಡುಗಿಗೂ ತೋರಿಸಿ.