ಕೆಶ್ ಜಿಗ್‌ನ ಕೊನೆಯ ಜಿ: ರೋಲ್ ಹಾಕೋದಾ, ಉಸಿರು ತಗೊಳ್ಳೋದಾ?

ಹೊಸ ಸೀಟಿ, ಡಬ್ಲಿನ್: ಡಿ ಟಿನ್ ವಿಸಲ್ (ಡಿ ಶ್ರುತಿಯ ತಗಡಿನ ಸೀಟಿ) ಹಿಡಿದು ಹತ್ತು ತಿಂಗಳಾಯಿತು. ಕೆಶ್ ಜಿಗ್ ಅನ್ನೋ ಐರಿಶ್ ಕುಣಿತದ ಟ್ಯೂನ್‌ನ ಮೊದಲ ಭಾಗ "ಎ ಜಿ ಎಫ್, ಜಿ" ಅನ್ನೋ ಸ್ವರಗಳಲ್ಲಿ ಮುಗಿಯುತ್ತದೆ. ಆ ಕೊನೆಯ ಜಿ ಮೂರು ಕ್ವೇವರ್ (ಜಿಗ್‌ನ ಒಂದೊಂದು ಚಿಕ್ಕ ಎಣಿಕೆ) ಉದ್ದ. ಲಾಂಗ್ ರೋಲ್ (ಬೆರಳಿಂದ ಅದೇ ಸ್ವರವನ್ನು ಮೂರು ತುಂಡು ಮಾಡೋ ಅಲಂಕಾರ) ಹಾಕಿದರೆ ಉಸಿರಿಗೆ ಜಾಗವೇ ಇಲ್ಲ. ಸುಮ್ನೆ ಬಿಟ್ಟರೆ ಬೋಳು ಬೋಳು. ನೀವೆಲ್ಲ ಏನು ಮಾಡುತ್ತೀರಿ?

ಮರದ ಕೊಳಲು, ಗಾಲ್ವೇ: ಮೊದಲ ಎರಡು ವರ್ಷ ನಾನು ಎಲ್ಲಿ ಸಿಕ್ಕರೆ ಅಲ್ಲಿ ರೋಲ್ ಹಾಕಿದವನು. ಎಂಟು ಬಾರ್ (ತಾಳದ ಎಂಟು ಆವರ್ತ) ಮುಗಿಯಿತಾ, ಗುರ್ರ್ ಅಂತ ಒಂದು. ಐರಿಶ್ ಸಂಗೀತದ ವಿಲ್ಲಿ ಕ್ಲಾನ್ಸಿ ಬೇಸಿಗೆ ಶಾಲೆಯ ವಾರದಲ್ಲಿ ಮಿಲ್‌ಟೌನ್ ಮಾಲ್‌ಬೇಗೆ ಹೋಗಿದ್ದೆ. ಪಬ್‌ನಲ್ಲಿ ಪಕ್ಕ ಕೂತಿದ್ದ ಅಜ್ಜ, "ಮಗಾ, ನೀನು ಉಸಿರಾಡೋದು ಯಾವಾಗ?" ಅಂದರು. ಈಗ ಜಿ ಮೇಲೆ ಬರೀ ಒಂದು ಕಟ್, ಅಂದರೆ ಬೆರಳನ್ನು ಕ್ಷಣ ಮಾತ್ರ ಎತ್ತಿ ಇಳಿಸೋದು. ಬೆರಳು ಎತ್ತಿದ್ದು ಕಣ್ಣಿಗೂ ಕಾಣಬಾರದು. ಒಂದು ಕ್ವೇವರ್ ನುಡಿಸಿ, ಉಳಿದದ್ದರಲ್ಲಿ ಉಸಿರು. ಎರಡನೇ ಸುತ್ತಿನಲ್ಲಿ ರೋಲ್ ಬೇಕೇ ಬೇಕು ಅನಿಸಿದರೆ, ಅದಕ್ಕೂ ಮೊದಲೇ ಎಲ್ಲೋ ಒಂದು ಸ್ವರ ನುಂಗಿ ಉಸಿರು ಕದ್ದಿಟ್ಟುಕೊಳ್ಳುತ್ತೇನೆ. ಇಷ್ಟು ಕಲಿಯಲು ಆದ ಖರ್ಚು ಕೇಳಿ. ಕೊಳಲಿಗೆ 1,350 ಯೂರೋ, ಹದಿನಾಲ್ಕು ತಿಂಗಳು ಕಾದೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ತಗೊಂಡು ಹೋದೆ, ತಲೆಭಾಗ ಬಿರುಕು ಬಿಟ್ಟಿತು. ರಿಪೇರಿ 160, ಕೊರಿಯರ್ ಹೋಗಿ ಬಂದು 44. ಆರು ವಾರ ಬರಿಗೈ.

ಪಿಟೀಲು ಅಕ್ಕ, ಕಾರ್ಕ್: ಉಸಿರಿನ ತಾಪತ್ರಯ ಊದುವವರದು. ನನ್ನದು ಬೇರೆ. ಮೈಸೂರಲ್ಲಿ ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತು ಬಂದವಳು ನಾನು. ಇಲ್ಲಿ ಪ್ರತಿ ಕೊನೆಯ ಸ್ವರವನ್ನೂ ಕಂಪಿತ ಮಾಡಿ ಎಳೆದೆ. ಟೀಚರ್ ಏನೂ ಅನ್ನಲಿಲ್ಲ. ಕುಣಿಯುವವರು ಮಾತ್ರ ಕಾಲೆತ್ತಿ ಹಾಗೇ ನಿಂತರು! ಮುಂದಿನ ಎಂಟು ಬಾರ್ ಎಲ್ಲಿ ಶುರುವಾಯಿತು ಅಂತ ಅವರಿಗೆ ಕೇಳಿಸಲೇ ಇಲ್ಲ. ರೋಲ್ ಗಮಕ ಅಲ್ಲ. ಕಟ್ಟೂ ಸ್ಟ್ರೈಕೂ (ಕೆಳಗಿನ ಸ್ವರಕ್ಕೆ ಒಂದು ತಟ್ಟು) ಸೇರಿ ತಾಳಕ್ಕೆ ಬೀಳುವ ಏಟು, ಅಷ್ಟೇ. ಆ ಚಾಳಿ ಬಿಡಲು ಎರಡು ವರ್ಷ, ವಾರಕ್ಕೆ 35 ಯೂರೋ. ನೀವೇ ಲೆಕ್ಕ ಹಾಕಿ. ಈಗ ಉದ್ದ ಸ್ವರ ಬಂದರೆ ಕಮಾನಿನಲ್ಲಿ ಟ್ರೆಬಲ್ (ಒಂದೇ ಸ್ವರಕ್ಕೆ ಮೂರು ಚುರುಕು ಎಳೆತ) ಹಾಕುತ್ತೇನೆ. ಪಿಟೀಲುಗಾರ ಮೈಕಲ್ ಕೋಲ್ಮನ್ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮಾಡಿದ ರೆಕಾರ್ಡ್ ಕೇಳಿ, ಬಾಯಿ ಮುಚ್ಚಿಕೊಂಡು ಕಲಿಯಿರಿ.

ಕ್ಲೇರ್ ಪಕ್ಷ: ಅಕ್ಕಾ, ಎಲ್ಲರೂ ಕೋಲ್ಮನ್ ಥರ ಸ್ಲೈಗೋದವರಲ್ಲ. ಪೂರ್ವ ಕ್ಲೇರ್‌ನಲ್ಲಿ ನುಡಿಸೋದು ನಿಧಾನ, ಅಲ್ಲಿ ಬೋಳಾಗಿ ಬಿಟ್ಟ ಸ್ವರಕ್ಕೂ ಮರ್ಯಾದೆ ಇದೆ. ನಾನು ಜಿಯನ್ನು ಎರಡೇ ಕ್ವೇವರ್‌ಗೆ ನಿಲ್ಲಿಸಿ, ಮೂರನೆಯದಕ್ಕೆ ಕೆಳಗಿನ ಡಿ ಮುಟ್ಟಿ ಮತ್ತೆ ಮೊದಲಿಗೆ ಹೋಗುತ್ತೇನೆ. ಬಾಗಿಲು ತೆರೆದ ಹಾಗೆ. ಎಲ್ಲದಕ್ಕೂ ಗಮಕ, ಮೈಸೂರು ಯಾಕೆ ತರುತ್ತೀರಿ?

ಪಿಟೀಲು ಅಕ್ಕ: ಗಮಕ ಅಲ್ಲ ಅಂತಲೇ ಬರೆದಿದ್ದೇನಲ್ಲಪ್ಪ. ಓದಿ ಆಮೇಲೆ ಜಗಳಕ್ಕೆ ಬಾ.

ಕ್ರಾನ್ ಹುಚ್ಚ: ಜಿ ಮೇಲೆ ರೋಲ್ ಸುಲಭ ಮಾರಾಯ್ರೆ. ಎಡಗೈ ಬೆರಳಿಂದ ಕಟ್, ಬಲಗೈ ತೋರುಬೆರಳಿಂದ ತಟ್ಟಿದರೆ ಆಯಿತು. ಟ್ಯೂನ್ ಕೆಳಗಿನ ಡಿಗೆ ಬಂದು ಮುಗಿದಾಗ ನೋಡಿ ಮಜಾ. ಆರೂ ತೂತು ಮುಚ್ಚಿರುತ್ತದೆ, ತಟ್ಟಲು ಇನ್ನೊಂದು ತೂತೇ ಇಲ್ಲ. ರೋಲ್ ಬದಲು ಬರೀ ಕಟ್‌ಗಳಲ್ಲೇ ಸ್ವರ ಒಡೆಯೋ ಕ್ರಾನ್ ಮಾಡಬೇಕು. ನನಗೆ ಹನ್ನೊಂದು ತಿಂಗಳು ಹಿಡಿಯಿತು. ಪಕ್ಕದ ಮನೆಯವರು ಎರಡು ಸಲ ಬಾಗಿಲು ಬಡಿದರು. ಅಂದಹಾಗೆ ಕೊಳಲಣ್ಣ, ಬಿರುಕು ಬಿಡೋ ಮೊದಲು ಯಾವ ಎಣ್ಣೆ ಹಾಕುತ್ತಿದ್ದಿರಿ?

ಮರದ ಕೊಳಲು: ಊರಿಂದ ಅಮ್ಮ ಕೊಟ್ಟ ಕೊಬ್ಬರಿ ಎಣ್ಣೆ.

ಕ್ಲೇರ್ ಪಕ್ಷ: ಕೊಬ್ಬರಿ ಎಣ್ಣೆ! ಗಾಲ್ವೇ ಚಳಿಗೆ ಅದು ಕೊಳಲೊಳಗೇ ತುಪ್ಪದ ಹಾಗೆ ಗಟ್ಟಿಯಾಗಲ್ವಾ? ಬಾದಾಮಿ ಎಣ್ಣೆ ಹಾಕ್ರೀ.

ಮರದ ಕೊಳಲು: ಗಟ್ಟಿಯಾಯಿತು. ಹೇರ್ ಡ್ರೈಯರ್ ಹಿಡಿದೆ. ಇನ್ನು ಮುಂದೆ ಕೇಳಬೇಡಿ.

ಹೊಸ ಸೀಟಿ: ನನ್ನದು ಹನ್ನೆರಡು ಯೂರೋ ತಗಡು, ಎಣ್ಣೆ ಬೇಡ. ಜಿ ವಿಷಯ?

ಕ್ರಾನ್ ಹುಚ್ಚ: ಹೇರ್ ಡ್ರೈಯರಾ?! ಅದಕ್ಕೇ ಬಿರುಕು ಬಿಟ್ಟಿದ್ದು. ಬೆಂಗಳೂರನ್ನು ಯಾಕ್ರೀ ಬೈತೀರಿ!