‘ಸೆಟ್‌ಬ್ಯಾಕ್’ಗೆ ಕನ್ನಡ ಪದ ಬೇಕು, ನಾಳೆ ಫಲಕ ಬರೆಸಬೇಕಿದೆ

ಎಲ್ಲರಿಗೂ ನಮಸ್ಕಾರ.

ನಮ್ಮ ಪಟ್ಟಣ ಪಂಚಾಯಿತಿಗೆ ಒಂದು ಫಲಕದ ಬರಹ ತಿದ್ದಿಕೊಡಲು ಒಪ್ಪಿದ್ದೇನೆ. ಮನೆ ಕಟ್ಟಲು ಪರವಾನಗಿ ಕೇಳಿ ಬರುವವರ ಕಣ್ಣಿಗೆ ಬೀಳುವಂತೆ ಕಚೇರಿಯ ಮುಂದೆ ನಿಲ್ಲಿಸುವಂಥದ್ದು. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ನನ್ನ ಕೈಗೆ ಬಂದ ಕರಡನ್ನು ಇಂಗ್ಲಿಷಿನಿಂದ ಯಂತ್ರ ಅನುವಾದಿಸಿದೆ. ಅದರ ಮೊದಲ ಸಾಲು ಹೀಗಿದೆ:

“ನಿವೇಶನದ ಮುಂಭಾಗ, ಹಿಂಭಾಗ ಹಾಗೂ ಪಾರ್ಶ್ವಗಳಲ್ಲಿ ವಲಯ ನಿಯಮಾವಳಿಯನ್ವಯ ಹಿನ್ನಡೆ ಕಾಯ್ದುಕೊಳ್ಳತಕ್ಕದ್ದು.”

ಹಿನ್ನಡೆ ಎಂದರೆ ಸೋಲು, ಹಿಂಜರಿತ. ಅದನ್ನು ಮನೆಯ ಸುತ್ತ ಕಾಯ್ದುಕೊಳ್ಳಿ ಎಂದರೆ ಯಾರಿಗೆ ಏನು ತಿಳಿದೀತು? ಗಡಿಗೂ ಗೋಡೆಗೂ ನಡುವೆ ಕಟ್ಟದೆ ಬಿಡುವ ಜಾಗಕ್ಕೆ ಚಿಕ್ಕದೊಂದು ಪದ ಬೇಕು. ಕೆಳಗೆ ಅಳತೆಯ ಕೋಷ್ಟಕವೂ ಬರುತ್ತದೆ, ಅದರ ತಲೆಬರಹಕ್ಕೂ ಅದೇ ಪದ.

ಇನ್ನೊಂದು ಸಾಲಿನಲ್ಲಿ “ಖಾಲಿ ನಿವೇಶನಗಳ ಸಮರ್ಪಕ ನಿರ್ವಹಣೆ” ಎಂದಿದೆ. ಅದಕ್ಕೂ ಯಾರಾದರೂ ಸಹಾಯ ಮಾಡಿದರೆ ಉಪಕಾರ.

* * *

> ಚಿಕ್ಕದೊಂದು ಪದ ಬೇಕು

ತೆರಪು. ಬೇರೆ ಹುಡುಕಬೇಕಿಲ್ಲ.

ಹಳಗನ್ನಡದಲ್ಲಿ ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ, ತೆಱಪು. ಎಡೆ, ನಡುವಣ ಬಯಲು, ಬಿಡುವು ಎಂಬ ಅರ್ಥಗಳೆಲ್ಲ ಇದಕ್ಕುಂಟು. ಪಕಾರ ಹಕಾರವಾಗಿ ತೆರಹು ಆಯಿತು. ವಚನಗಳಲ್ಲಿ ‘ತೆರಹಿಲ್ಲದ’ ಎಂದು ಬರುವುದು ಇದೇ. ಇವತ್ತಿಗೂ ‘ಎಡೆತೆರಪಿಲ್ಲದೆ ಮಳೆ ಹೊಯ್ಯಿತು’ ಎನ್ನುತ್ತೇವೆ. ಕಾಲದ ನಡುವಿನ ಬಿಡುವಿಗೂ ನೆಲದ ನಡುವಿನ ಬಿಡುವಿಗೂ ಒಂದೇ ಮಾತು. ಸೆಟ್‌ಬ್ಯಾಕ್ ಎಂಬ ಇಂಗ್ಲಿಷ್ ಪದಕ್ಕೆ ಈ ಸೊಗಸಿಲ್ಲ. ಅದು ಹಿಂದಕ್ಕೆ ಇಟ್ಟದ್ದು ಅಷ್ಟೇ.

ಸಮಾಸದಲ್ಲಿ ಆದೇಶ ಮರೆಯಬೇಡಿ: ಮುಂದೆರಪು, ಹಿಂದೆರಪು, ಬದಿದೆರಪು.

‘ನಿರ್ವಹಣೆ’ ಬೇಡ. ಖಾಲಿ ನಿವೇಶನದಲ್ಲಿ ನಿರ್ವಹಿಸಲು ಏನಿದೆ? ಒಪ್ಪ ಓರಣ ಎನ್ನಿ.

* * *

> ಮುಂದೆರಪು, ಹಿಂದೆರಪು

ಸರ್, ಇದನ್ನು ಜನ ‘ಮುಂದೆ ರಪು’ ಎಂದು ಒಡೆದು ಓದುತ್ತಾರೆ. ವ್ಯಾಕರಣ ಸರಿಯಿದೆ, ಫಲಕಕ್ಕೆ ಆಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ತೆರಪು ಎಂದು ಬರೆಸಿದರೆ ಓದುವವರ ಕಣ್ಣಿಗೆ ಕಾಣುವುದು ‘ತೆರವು’. ಕುಂಚದಲ್ಲಿ ಬರೆದ ಪು ಮತ್ತು ವು ನಡುವೆ ಕೂದಲೆಳೆಯ ಅಂತರ. ಪತ್ರಿಕೆ ಓದುವ ಯಾರಿಗಾದರೂ ತೆರವು ಎಂದರೆ ‘ತೆರವು ಕಾರ್ಯಾಚರಣೆ’, ಜೆಸಿಬಿ ತಂದು ಒಡೆಯುವುದು. “ಮುಂಭಾಗದಲ್ಲಿ ತೆರವು” ಎಂದು ಕಚೇರಿಯ ಬಾಗಿಲಲ್ಲೇ ಓದಿದವರು ಪರವಾನಗಿ ಕೇಳಲು ಒಳಗೆ ಕಾಲಿಡುವುದೇ ಇಲ್ಲ.

ಮೇಡಂ, ಸೆಟ್‌ಬ್ಯಾಕ್ ಎಂದೇ ಕನ್ನಡ ಲಿಪಿಯಲ್ಲಿ ಬರೆಸಿ. ಮೇಸ್ತ್ರಿಗಳಿಗೆಲ್ಲ ಗೊತ್ತು.

* * *

ಸೆಟ್‌ಬ್ಯಾಕ್ ಬೇಡವೇ ಬೇಡ. ಗಾರೆಯವರಿಗೆ ಗೊತ್ತಿದೆ ಎಂಬುದೇ ಅಳತೆಗೋಲಾದರೆ ಈ ಕೂಟವೇ ಬೇಕಿಲ್ಲ.

ಬಿಡು + ಎಡೆ = ಬಿಡೆಡೆ. ಅಚ್ಚಗನ್ನಡ, ಮೂರೇ ಅಕ್ಕರ, ಹುರುಳು ತಾನಾಗಿ ಹೊಳೆಯುತ್ತದೆ. ಕೆಲವರು ‘ಬಿಡುಜಾಗ’ ಎನ್ನಬಹುದು, ಜಾಗ ಪಾರಸಿಯದು. ಕೇಳಿದವರ ಬರಹದಲ್ಲಿ ತಿದ್ದಬೇಕಾದ್ದು ಇನ್ನೂ ಇದೆ: ನಿವೇಶನಕ್ಕೆ ಮನೆದಾಣ, ವಲಯಕ್ಕೆ ಹರಹು. ಸಕ್ಕದದ ಹೊರೆಯನ್ನು ಇಳಿಸದೆ ಇಂಗ್ಲಿಶಿನ ಹೊರೆಯನ್ನಶ್ಟೇ ಇಳಿಸಿದರೆ ಏನು ಬಂತು?

* * *

> ಬಿಡೆಡೆ

ಆಗದು. ‘ಬಿಡೆ’ ಎಂದು ಓದಿ ದಾಕ್ಷಿಣ್ಯಕ್ಕೆ ಹೋಗುತ್ತಾರೆ.

> ಜಾಗ ಪಾರಸಿಯದು

ಹೌದು. ಪರವಾನಗಿ, ಜಮೀನು ಕೂಡ ಪಾರಸಿ. ನಕ್ಷೆ, ಮಾಲೀಕ, ಮಂಜೂರು, ಖಾಲಿ ಎಲ್ಲ ಅರಬ್ಬಿ ಮೂಲದವು. ಅಪ್ಪಟ ಇಂಗ್ಲಿಷ್ ಎಂದು ನಾವು ಬೈಯುವ ‘ಕಾಂಪೌಂಡ್’, ಅಂದರೆ ಮನೆಯ ಸುತ್ತಲಿನ ಆವರಣ, ಇಂಗ್ಲಿಷಿಗೇ ಮಲಯ ಭಾಷೆಯ ಕಂಪುಂಗ್‌ನಿಂದ ಬಂದದ್ದು ಎಂಬುದನ್ನು ಹೆಚ್ಚಿನ ನಿಘಂಟುಕಾರರು ಒಪ್ಪುತ್ತಾರೆ. ಇವನ್ನೆಲ್ಲ ಹೊರಗೆ ಹಾಕಿ ಮನೆ ಕಟ್ಟುವ ಬಗ್ಗೆ ಒಂದು ಅರ್ಜಿ ಬರೆದು ತೋರಿಸಿ.

ಸರ್ಕಾರ ಸಂಸ್ಕೃತದ ಕಡೆಯಿಂದ ಇದೇ ಕೆಲಸ ಮಾಡಿ ನೋಡಿತು. 1961ರ ಕಾನೂನಿನ ಅಧಿಕೃತ ಹೆಸರು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಮಾತಿನಲ್ಲಿ ‘ಅಧಿನಿಯಮ’ ಎನ್ನುವವರು ಸಿಗುವುದು ಅಪರೂಪ. ಜನ ಅರಬ್ಬಿಯ ಕಾಯ್ದೆಯನ್ನೇ ಇಟ್ಟುಕೊಂಡರು. ಆದರೆ ಅದೇ ಕಚೇರಿಗಳಲ್ಲಿ ‘ಒತ್ತುವರಿ’ ಎಂಬ ಕನ್ನಡ ಪದ ‘ಅತಿಕ್ರಮಣ’ಕ್ಕಿಂತ ಗಟ್ಟಿಯಾಗಿ ನಿಂತಿದೆ. ಅದು ಅಚ್ಚಗನ್ನಡ ಎಂದು ಯಾರೂ ಪ್ರಚಾರ ಮಾಡಲಿಲ್ಲ. ಪಕ್ಕದವನು ಬೇಲಿಯನ್ನು ಒತ್ತಿಕೊಂಡು ಬಂದ ಎಂದು ಊರವರು ಮೊದಲೇ ಹೇಳುತ್ತಿದ್ದರು. ಆಡುಮಾತಿನಲ್ಲಿ ಬೇರಿದ್ದ ಪದ ಉಳಿಯಿತು.

* * *

ನಾನು ಪುರಸಭೆಯೊಂದರ ಕಟ್ಟಡ ಪರವಾನಗಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪದದ ಮೂಲ ನನಗೆ ತಿಳಿಯದು, ಈ ಜಾಗ ಮಾತ್ರ ಚೆನ್ನಾಗಿ ಗೊತ್ತು.

10,000ದಿಂದ 20,000 ಜನರಿರುವ ಊರು ಪಟ್ಟಣ ಪಂಚಾಯಿತಿಗೆ ಸೇರುತ್ತದೆ. ಅಂಥ ಊರಿನಲ್ಲಿ ಬಹುಪಾಲು ಮನೆಗಳಿಗೆ ಮೇಸ್ತ್ರಿಯೇ ಎಲ್ಲ. ನಕ್ಷೆ ಮಂಜೂರಿಗಾಗಿ ಒಂದು, ಕಟ್ಟುವುದು ಇನ್ನೊಂದು. ಹಾಗೆಂದು ಎಲ್ಲರೂ ಬೇಕೆಂದೇ ತಪ್ಪುತ್ತಾರೆ ಎಂದು ನಾನು ಹೇಳಲಾರೆ. ‘ಸೆಟ್‌ಬ್ಯಾಕ್ ಬಿಟ್ಟಿದ್ದೀರಾ?’ ಎಂದರೆ ‘ಬಿಟ್ಟಿದ್ದೇವೆ ಸರ್’ ಎಂದು ನೆಲಮಟ್ಟದಲ್ಲಿ ಟೇಪು ಹಿಡಿದು ತೋರಿಸುತ್ತಿದ್ದರು. ಅಳತೆ ಸರಿಯಾಗಿಯೇ ಇರುತ್ತಿತ್ತು. ತಲೆಯೆತ್ತಿ ನೋಡಿದರೆ ಮೊದಲ ಮಹಡಿಯ ಸ್ಲ್ಯಾಬು ಆ ಜಾಗದ ಮೇಲೆ ಗಡಿಗೋಡೆಯವರೆಗೂ ಚಾಚಿರುತ್ತಿತ್ತು. ಇನ್ನು ಕೆಲವರು ಕೆಳಗೇ ಹೊರಮೆಟ್ಟಿಲು ಕಟ್ಟಿ, ಅದರಡಿ ಬಚ್ಚಲು ಮಾಡಿಕೊಂಡಿರುತ್ತಿದ್ದರು.

ಬಿಡಬೇಕಾದ್ದು ನೆಲ ಮಾತ್ರವಲ್ಲ, ಅದರ ಮೇಲಿನ ಬಯಲೂ ಹೌದು. ಸಜ್ಜಾ ಎಷ್ಟು ಹೊರಬರಬಹುದು ಎಂಬುದಕ್ಕೆ ಬೇರೆ ಮಿತಿ ಇರುತ್ತದೆ, ಅಷ್ಟೇ ವಿನಾಯಿತಿ. ಗಾಳಿ ಬೆಳಕು ಬರಲಿ, ಬೆಂಕಿ ಬಿದ್ದರೆ ಪಕ್ಕದ ಮನೆಗೆ ಹಬ್ಬದಿರಲಿ, ಒಬ್ಬರ ಮಾಳಿಗೆಯ ನೀರು ಇನ್ನೊಬ್ಬರ ಗೋಡೆಗೆ ಇಳಿಯದಿರಲಿ ಎಂದು ಇರುವ ನಿಯಮ ಇದು. ಈ ಅರ್ಥ ತೆರಪಿನಲ್ಲಿ ಸ್ವಲ್ಪ ಇದೆ, ಸೆಟ್‌ಬ್ಯಾಕಿನಲ್ಲಿ ಇಲ್ಲ, ಬಿಡುಜಾಗದಲ್ಲೂ ಇಲ್ಲ. ಆದ್ದರಿಂದ ಒಂದು ಪದದ ಮೇಲೆ ಎಲ್ಲ ಭಾರ ಹೊರಿಸಬೇಡಿ. ‘ಇಷ್ಟು ಜಾಗ ಬಿಡಿ, ಅದರ ಮೇಲೂ ಏನೂ ಕಟ್ಟಬೇಡಿ’ ಎಂದು ವಾಕ್ಯವನ್ನೇ ಬರೆಸಿ.

ವಲಯದ ವಿಷಯ. ನಿಯಮಾವಳಿ ಎಂಬ ಮಾತು ಕಂಡರೆ ಜನ ಮುಂದಕ್ಕೆ ಹೋಗುತ್ತಾರೆ, ಬಣ್ಣ ಹೇಳಿದರೆ ನಿಲ್ಲುತ್ತಾರೆ. ಯೋಜನಾ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ. ಸೈಟು ಮಾರುವವರೂ ‘ಯೆಲ್ಲೋ ಝೋನ್’ ಎಂದೇ ಮಾತಾಡುತ್ತಾರೆ. “ನಿಮ್ಮ ನಿವೇಶನ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ, ಕೇಳಿ ತಿಳಿಯಿರಿ” ಎಂದು ಹಾಕಿ.

* * *

> ವಾಕ್ಯವನ್ನೇ ಬರೆಸಿ

ವಾಕ್ಯ ಬರೆಯುವುದು ಪದ ಕೊಟ್ಟಂತಲ್ಲ. ಕೋಷ್ಟಕದ ತಲೆಯ ಮೇಲೆ ವಾಕ್ಯ ಹಿಡಿಸುವುದಿಲ್ಲ, ನಕ್ಷೆಯ ಅಂಚಿನಲ್ಲೂ ಹಿಡಿಸುವುದಿಲ್ಲ. ಪ್ರತಿ ಸಲ ಅವಸರ ಅವಸರ ಎಂದು ವಾಕ್ಯ ಬರೆದು ಮುಗಿಸಿದ್ದರಿಂದಲೇ ಕಟ್ಟಡದ ಕೆಲಸಕ್ಕೆ ಕನ್ನಡದ ನಾಮಪದಗಳು ಬೆಳೆಯಲಿಲ್ಲ. ಪು-ವು ತೊಂದರೆ ಪೇಂಟರಿನದು, ಪದದ್ದಲ್ಲ.

* * *

ಎಲ್ಲರಿಗೂ ವಂದನೆ. ಹೀಗೆ ಕಳುಹಿಸುತ್ತಿದ್ದೇನೆ:

“ಮನೆ ಕಟ್ಟುವಾಗ ನಾಲ್ಕೂ ಕಡೆ ಕೆಳಗೆ ತೋರಿಸಿದಷ್ಟು ಜಾಗ ಬಿಡಿ. ಆ ಜಾಗದ ಮೇಲೆ ಮಹಡಿ ಚಾಚಬೇಡಿ, ಒಳಗೆ ಮೆಟ್ಟಿಲು ಕಟ್ಟಬೇಡಿ. ನಿಮ್ಮ ನಿವೇಶನ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ಎಂದು ಕಚೇರಿಯಲ್ಲಿ ಕೇಳಿ ತಿಳಿಯಿರಿ. ಖಾಲಿ ನಿವೇಶನದ ಮಾಲೀಕರು ಗಿಡಗಂಟಿ ತೆಗೆಸಿ, ಕಸ ಬೀಳದಂತೆ ನೋಡಿಕೊಳ್ಳಿ.”

ಕೋಷ್ಟಕದ ತಲೆಗೆ ‘ಬಿಡುಜಾಗ’ ಎಂದು ಹಾಕಿದ್ದೇನೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ಸೆಟ್‌ಬ್ಯಾಕ್. ಬದಿಗಳಿಗೆ ಮುಂದೆ, ಹಿಂದೆ, ಎಡ, ಬಲ. ಒಪ್ಪ ಓರಣ ನನಗೆ ತುಂಬ ಹಿಡಿಸಿತು, ಆದರೆ ದಂಡ ಹಾಕುವ ಸೂಚನೆಯಲ್ಲಿ ಏನು ಮಾಡಬೇಕೆಂದು ಬಿಡಿಸಿ ಹೇಳದಿದ್ದರೆ ಆಗದು. ಪರವಾನಗಿಯ ಕೈಪಿಡಿಯೂ ಮುಂದೆ ನನ್ನ ಬಳಿಗೇ ಬರಲಿದೆ, ಅದು ಅಚ್ಚಾಗುವುದು. ತೆರಪನ್ನು ಅಲ್ಲಿ ಕೇಳಿ ನೋಡುತ್ತೇನೆ.

ವಲಯವೋ ಹರಹೋ ಎಂಬುದಕ್ಕೆ ದಯವಿಟ್ಟು ಬೇರೆ ಎಳೆ ತೆರೆಯಿರಿ.

* * *

ಬಿಡುಜಾಗ ಒಪ್ಪುವುದಿಲ್ಲ. ಕೈಪಿಡಿಯ ಕರಡು ಬಂದಾಗ ಇಲ್ಲಿ ಹಾಕಿ.