ಕಾರಿನ ರೇಡಿಯೋ ‘ಹಿಡಿಯದಿದ್ದಾಗ’: ಗದ್ದಲ ಎಂಬ ಒಂದೇ ಪದ ಸಾಕೇ?

ಪ್ರಶ್ನೆ:

ಕಾರಿನಲ್ಲಿ ರೇಡಿಯೋ ಸರಿಯಾಗಿ ಕೇಳಿಸದಿದ್ದರೆ ಏನೇನು ನೋಡಬೇಕು ಎಂದು ಹೇಳುವ ಕೈಪಿಡಿಯ ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ರಿಸೆಪ್ಷನ್’ ಎಂಬುದು ‘ಸ್ವಾಗತ’ ಆಗಿಬಿಟ್ಟಿದೆ. ‘ಕಳಪೆ ಸ್ವಾಗತ’ ಎಂದು ಓದಿದರೆ ನಗು ಬರುತ್ತದೆ. ‘ಅಭಿಗ್ರಹಣ’ ಎಂದು ಬರೆದರೆ ಗ್ಯಾರೇಜಿನವರಿಗೂ ಕಾರಿನವರಿಗೂ ಅರ್ಥವಾಗದು. ಮೂಲದಲ್ಲಿ ಎಲ್ಲ ಬಗೆಯ ಸದ್ದಿಗೂ ‘ನಾಯ್ಸ್’ ಒಂದೇ ಪದವಿದೆ, ಅಲ್ಲಲ್ಲಿ ‘ಸ್ಟ್ಯಾಟಿಕ್’ ಕೂಡ. ನಾನೂ ‘ಗದ್ದಲ’ ಎಂದು ಒಂದೇ ಪದ ಹಿಡಿದು ಸಾಗಲೇ? ‘ಗ್ರೌಂಡ್’ ಎಂಬುದಕ್ಕೆ ‘ಭೂಸಂಪರ್ಕ’ ಸರಿಯೇ? ಬಲ್ಲವರು ತಿಳಿಸಬೇಕು.

ಉತ್ತರ 1:

‘ರಿಸೆಪ್ಷನ್’ಗೆ ನಾಮಪದ ಹುಡುಕಲೇಬೇಡಿ. ನಮ್ಮಲ್ಲಿ ಆ ಕೆಲಸವನ್ನು ಕ್ರಿಯಾಪದ ಮಾಡುತ್ತದೆ: ಸ್ಟೇಷನ್ ಸಿಗುತ್ತಿಲ್ಲ, ಸಿಕ್ಕರೂ ನಿಲ್ಲುತ್ತಿಲ್ಲ, ನಿಂತರೂ ಸ್ಪಷ್ಟವಾಗಿ ಕೇಳಿಸುತ್ತಿಲ್ಲ. ಮೂರೂ ಬೇರೆ ಬೇರೆ ದೂರುಗಳು, ಕಾರಣಗಳೂ ಬೇರೆ.

‘ಸಿಗುತ್ತಿಲ್ಲ’ ಎಂದರೆ ಹುಡುಕುವ ಬಟನ್ ಒತ್ತಿದಾಗ ಅಂಕಿಗಳು ಓಡುತ್ತಲೇ ಇರುತ್ತವೆ, ಎಲ್ಲಿಯೂ ನಿಲ್ಲುವುದಿಲ್ಲ. ಆಂಟೆನಾ ಮುಟ್ಟುವ ಮೊದಲು ಸೆಟ್ಟಿಂಗ್ ನೋಡಬೇಕು. ‘ಲೋಕಲ್’ ಆನ್ ಇದ್ದರೆ ಸೆಟ್ಟು ಜೋರಾದ ಸ್ಟೇಷನ್ನಿಗೆ ಮಾತ್ರ ನಿಲ್ಲುತ್ತದೆ. ಪ್ರದೇಶದ ಆಯ್ಕೆ ಅಮೆರಿಕ ಎಂದಿದ್ದರೆ ಎಫ್‌ಎಂ 0.2 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಬೆಸ ದಶಾಂಶಗಳ ಮೇಲಷ್ಟೇ ನಡೆಯುತ್ತದೆ. 100.3 ಆದ ಮೇಲೆ 100.5, ನಡುವಿನ 100.4 ಅದಕ್ಕೆ ಇಲ್ಲವೇ ಇಲ್ಲ. ಮೀಡಿಯಂ ವೇವ್‌ನಲ್ಲೂ 9 ಕಿಲೋಹರ್ಟ್ಸ್ ಹೆಜ್ಜೆ ಬೇಕಾದ ಕಡೆ 10 ಇದ್ದರೆ ಹೀಗೆಯೇ ಆಗುತ್ತದೆ. ಜಪಾನಿನ ಮಾರುಕಟ್ಟೆಗೆಂದು ಮಾಡಿದ ಹಳೆಯ ಸೆಟ್ಟುಗಳ ಎಫ್‌ಎಂ 76ರಿಂದ 90ರವರೆಗೆ ಮಾತ್ರ. ಉಳಿದ ಕಡೆ ಹೆಚ್ಚಿನ ಸ್ಟೇಷನ್ನುಗಳು 87.5ರಿಂದ 108ರ ನಡುವೆ ಇರುವುದರಿಂದ ಅಂಥ ಸೆಟ್ಟಿಗೆ ಬಹುಪಾಲು ಕಾಣುವುದೇ ಇಲ್ಲ.

‘ನಿಲ್ಲುತ್ತಿಲ್ಲ’ ಎಂದರೆ ಓಡುವ ಕಾರಿನಲ್ಲಿ ಹಾಡು ಪಟಪಟನೆ ಕತ್ತರಿಸಿಕೊಂಡು ಬರುವುದು. ಕಟ್ಟಡ, ಗುಡ್ಡಗಳಿಗೆ ಬಡಿದು ಬಂದ ಅಲೆಯೂ ನೇರ ಬಂದ ಅಲೆಯೂ ಒಂದನ್ನೊಂದು ಹೊಡೆದುಹಾಕಿದ ಜಾಗದಲ್ಲಿ ಎಫ್‌ಎಂ ಬೀಳುತ್ತದೆ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಆದ್ದರಿಂದ ನಿಂತ ಕಾರನ್ನು ಮುಕ್ಕಾಲು ಮೀಟರ್ ಮುಂದೆ ತಂದರೆ ಸಾಕು, ಸದ್ದು ಶುದ್ಧವಾಗುವುದುಂಟು. ಹಾಗಾದರೆ ಕಾರಿನಲ್ಲಿ ದೋಷವಿಲ್ಲ, ಬಿಚ್ಚಿ ಪ್ರಯೋಜನವಿಲ್ಲ. ಸೆಟ್ಟಿನಲ್ಲಿ ‘ಮೋನೋ’ ಆಯ್ಕೆ ಇದ್ದರೆ ಹಾಕಿಕೊಳ್ಳಲಿ. ಸಿಗ್ನಲ್ ಸೊರಗಿದಾಗ ಸ್ಟೀರಿಯೋಗಿಂತ ಮೋನೋ ಎಷ್ಟೋ ನಿಶ್ಶಬ್ದ.

ಇನ್ನು ‘ಗದ್ದಲ’. ಖಂಡಿತ ಒಂದೇ ಪದ ಬೇಡ. ಅನುಕರಣ ಪದಗಳು ಕನ್ನಡದಲ್ಲಿ ಇಷ್ಟೊಂದು ಇರುವಾಗ ಆ ಸಂಪತ್ತನ್ನು ಬಿಟ್ಟು ‘ನಾಯ್ಸ್’ ಹಿಂದೆ ಹೋಗುವುದೇಕೆ? ಸದ್ದಿನ ಹೆಸರು ಸರಿಯಾಗಿ ಹೇಳಿದರೆ ಅರ್ಧ ರಿಪೇರಿ ಆದಂತೆ.

ಬುಸುಗುಟ್ಟುವುದು: ಹಾಡಿನ ಹಿಂದೆ ಎಡೆಬಿಡದ ಬುಸ್ ಸದ್ದು, ಎಂಜಿನ್ ಆನ್ ಇದ್ದರೂ ಆಫ್ ಇದ್ದರೂ ಅಷ್ಟೇ. ಸಿಗ್ನಲ್ ಸೆಟ್ಟಿಗೆ ತಲುಪುತ್ತಿಲ್ಲ ಎಂದರ್ಥ, ಆಂಟೆನಾ ಕಡೆಯ ತೊಂದರೆ. ಆಂಟೆನಾ ಕಡ್ಡಿಯನ್ನು ಬುಡದಲ್ಲಿ ತಿರುಗಿಸಿ ಬಿಗಿಯಾಗಿದೆಯೇ ನೋಡಿ, ಸೆಟ್ಟನ್ನು ಹೊರಗೆಳೆದು ಹಿಂದಿನ ಆಂಟೆನಾ ಪಿನ್ ಪೂರ್ತಿ ಒಳಗಿದೆಯೇ ನೋಡಿ. ಅರ್ಧ ಕೂತ ಪಿನ್ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಸೆಟ್ಟೇ ಹೋಗಿದೆಯೇ ಎಂದು ತಿಳಿಯಲು ಆ ಪಿನ್ ಕಿತ್ತು, ಸೆಟ್ಟಿನ ಆಂಟೆನಾ ತೂತಿನ ನಡುವಿಗೆ ಮಾತ್ರ ತಾಗುವಂತೆ 75 ಸೆಂಟಿಮೀಟರ್ ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಿಟಕಿಯ ಹೊರಗೆ ಹಿಡಿಯಿರಿ. ಸ್ಟೇಷನ್ನುಗಳು ಬಂದರೆ ಸೆಟ್ಟು ಚೆನ್ನಾಗಿದೆ.

ಆಮೇಲೆ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್. ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಇಲ್ಲದ ಸಾದಾ ಕಡ್ಡಿಯಾದರೆ, ಕಿತ್ತ ಪಿನ್ನಿನ ತುದಿಗೂ ಕಡ್ಡಿಗೂ ನಡುವೆ ಒಂದೆರಡು ಓಮ್ ಒಳಗೆ ಬರಬೇಕು. ಪಿನ್ನಿನ ಹೊರಬಳೆಗೂ ಕಾರಿನ ಬಾಡಿಗೂ 1 ಓಮ್‌ಗಿಂತ ಕಡಿಮೆ ಇರಬೇಕು. ತುದಿಗೂ ಹೊರಬಳೆಗೂ ಮೀಟರ್ ಏನೂ ತೋರಿಸಬಾರದು, ತೋರಿಸಿದರೆ ಬುಡದಲ್ಲಿ ನೀರು ಇಳಿದಿದೆ ಅಥವಾ ಕೇಬಲ್ ಎಲ್ಲೋ ಜಜ್ಜಿದೆ.

ಕುಂಯ್‌ಗುಟ್ಟುವುದು: ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರುವ ಸಣ್ಣ ಕುಂಯ್. ಇಂಗ್ಲಿಷಿನ ‘ವೈನ್’ (whine) ಇದೇ. ಇದು ಹುಟ್ಟುವುದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ. ಯುಎಸ್‌ಬಿ ಹಾಡಿನಲ್ಲೂ ಕೇಳಿಸಿದರೆ ಸೆಟ್ಟಿನ ಪವರ್ ವೈರು ಅಥವಾ ಅರ್ತ್ (ಕಾರಿನ ಲೋಹದ ಮೈಗೆ ಕೊಟ್ಟ ಜೋಡಣೆ) ಕಾರಣ. ರೇಡಿಯೋದಲ್ಲಿ ಮಾತ್ರವಿದ್ದು, ಆಂಟೆನಾ ಪಿನ್ ಕಿತ್ತೊಡನೆ ನಿಂತರೆ ಅದು ಆಂಟೆನಾ ದಾರಿಯಿಂದಲೇ ಬರುತ್ತಿದೆ, ಬುಡದ ಅರ್ತ್ ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಡಿಸಿ ಇರುತ್ತದೆ. ಅಲ್ಲೇ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ ಅರ್ಧ ವೋಲ್ಟ್ ದಾಟಿದರೆ, ಎಸಿಯನ್ನು ಡಿಸಿ ಮಾಡುವ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ ಪಡಬೇಕು. ಪವರ್ ವೈರಿಗೆ ಫಿಲ್ಟರ್ ಹಾಕುವುದು ಕೊನೆಯ ಉಪಾಯ. ಎಷ್ಟೋ ಕಡೆ ಅದನ್ನೇ ಮೊದಲು ಹಾಕಿ, ಡಯೋಡ್ ಕೆಟ್ಟದ್ದನ್ನು ಮುಚ್ಚಿಡುತ್ತಾರೆ.

ಟಿಕ್‌ಟಿಕ್ ಎನ್ನುವುದು: ಇದೂ ಎಂಜಿನ್ ವೇಗದೊಂದಿಗೆ ಓಡುತ್ತದೆ, ಆದರೆ ಬಿಡಿಬಿಡಿ ಏಟುಗಳು. ಮೀಡಿಯಂ ವೇವ್‌ನಲ್ಲಿ ಜಾಸ್ತಿ. ಪೆಟ್ರೋಲ್ ಎಂಜಿನಿನ ಸ್ಪಾರ್ಕ್‌ನಿಂದ ಬರುವಂಥದ್ದು, ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಶುರುವಾಗಿದ್ದರೆ ರೆಸಿಸ್ಟರ್ ಇಲ್ಲದ ಪ್ಲಗ್ ಬಿದ್ದಿರಬಹುದು. ರೆಸಿಸ್ಟರ್ ಪ್ಲಗ್ಗಿನೊಳಗೆ ಸುಮಾರು 5 ಕಿಲೋಓಮ್ ಇರುತ್ತದೆ. ಡೀಸೆಲ್ ಕಾರಿನ ಪುಟಕ್ಕೆ ಈ ಸಾಲು ಬೇಡ.

ಗರಗರ: ಎಂಜಿನ್ ಆಫ್ ಮಾಡಿ ಕೀಲಿಯನ್ನು ಎಸಿಸಿಯಲ್ಲಿ (ಎಂಜಿನ್ ಇಲ್ಲದೆ ರೇಡಿಯೋ ಮಾತ್ರ ಓಡುವ ಸ್ಥಾನ) ಇಟ್ಟರೂ ಇದ್ದರೆ, ಕಾರಿನೊಳಗಿನ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ಬಲ್ಬುಗಳನ್ನು ನೋಡಬೇಕು. ಒಂದೊಂದಾಗಿ ಪ್ಲಗ್ ಕೀಳುತ್ತಾ ಹೋಗಿ. ಫೋನ್ ತೆಗೆದು ಚಾರ್ಜರನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಪರೀಕ್ಷೆ ಆಗಲಿಲ್ಲ. ಹೆಡ್‌ಲೈಟ್, ಬ್ರೇಕ್ ಲೈಟ್ ಎಲ್‌ಇಡಿ ಆಗಿದ್ದರೆ ಅವನ್ನು ಹಚ್ಚಿ ಆರಿಸಿಯೂ ಕೇಳಬೇಕು. ಕಳ್ಳ ಸಿಕ್ಕ ಮೇಲೆ ಅದರ ವೈರನ್ನು ಆಂಟೆನಾ ಕೇಬಲಿನಿಂದ ದೂರ ಸರಿಸಿ, ಉಪಕರಣದ ಹತ್ತಿರವೇ ಫೆರೈಟ್ ಕ್ಲಿಪ್ಪಿನೊಳಗೆ (ವೈರಿನ ಗದ್ದಲ ತಗ್ಗಿಸುವ ಬಳೆ) ಎರಡು ಮೂರು ಸುತ್ತು ಹಾಕಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಬದಲಿಸುವುದೇ ವಾಸಿ.

‘ಸ್ಟ್ಯಾಟಿಕ್’ ಎಂದು ಬಂದಲ್ಲೆಲ್ಲ ‘ಸ್ಥಿರ ವಿದ್ಯುತ್’ ಎಂದು ಬರೆಯಬೇಡಿ, ಅಲ್ಲಿರುವುದು ಮೇಲಿನ ಬುಸ್ಸೋ ಗರಗರವೋ. ನಿಜವಾದ ಸ್ಥಿರ ವಿದ್ಯುತ್ತಿನ ಮಾತು ಬರುವುದು ಕಡ್ಡಿಯ ತುದಿಯ ಪುಟ್ಟ ಗುಂಡಿನ ವಿಚಾರದಲ್ಲಿ. ಚೂಪು ತುದಿಯಿಂದ ವಿದ್ಯುತ್ ಸೋರಿ ಚಟಪಟ ಸದ್ದು ಹುಟ್ಟದಂತೆ ತಡೆಯುವುದು ಆ ಗುಂಡಿನ ಕೆಲಸ. ಅಲಂಕಾರಕ್ಕಿಟ್ಟದ್ದು ಎಂದುಕೊಂಡವರೇ ಹೆಚ್ಚು.

‘ಭೂಸಂಪರ್ಕ’ ಮನೆಯ ವೈರಿಂಗಿಗೆ ಇರಲಿ. ರಬ್ಬರ್ ಟೈರಿನ ಮೇಲೆ ನಿಂತ ಕಾರಿಗೆ ಭೂಮಿಯ ಸಂಪರ್ಕ ಎಲ್ಲಿಂದ ಬಂತು? ಇಲ್ಲಿ ಬೇಕಾದ್ದು ಕಾರಿನ ಲೋಹದ ಮೈ. ಕೆಲಸದವರ ಬಾಯಲ್ಲಿರುವ ‘ಬಾಡಿ ಅರ್ತ್’ ನಿಖರವಾಗಿದೆ, ಅದನ್ನೇ ಇಟ್ಟುಕೊಳ್ಳಿ. ಸೂಚನೆ ಹೀಗಿರಬಹುದು: ‘ಆಂಟೆನಾ ಬುಡದ ನಟ್ ಬಿಚ್ಚಿ, ಚಾವಣಿಯ ತಗಡಿನ ಒಳಮೈಯಲ್ಲಿ ವಾಷರ್ ಕೂರುವಷ್ಟು ಜಾಗದ ಬಣ್ಣ, ತುಕ್ಕು ಉಜ್ಜಿ ತೆಗೆಯಿರಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಹೊರಮೈಯ ಬಣ್ಣ ಕೆರೆಯಬೇಡಿ. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ.’

ಉತ್ತರ 2:

ಮೇಲಿನವರ ಮಾತಿಗೆ ಒಂದು ತಕರಾರು. ‘ಬುಸ್’, ‘ಗರಗರ’ ಎಂಬ ವ್ಯತ್ಯಾಸ ಬಲ್ಲವರ ಕಿವಿಗೆ ಸರಿ. ಸಾಮಾನ್ಯ ಬಳಕೆಯಲ್ಲಿ ಎರಡಕ್ಕೂ ‘ಗರಗರ ಅಂತಿದೆ’ ಎಂದೇ ಹೇಳುತ್ತಾರೆ. ಹಾಗಾಗಿ ಪ್ರತಿ ಅನುಕರಣ ಪದದ ಪಕ್ಕದಲ್ಲೇ ಪರೀಕ್ಷೆಯನ್ನೂ ಬರೆಯಿರಿ: ‘ಎಂಜಿನ್ ಆರಿಸಿದರೆ ನಿಲ್ಲುವ ಸದ್ದು’, ‘ಚಾರ್ಜರ್ ಕಿತ್ತರೆ ನಿಲ್ಲುವ ಸದ್ದು’, ‘ಏನು ಮಾಡಿದರೂ ನಿಲ್ಲದ ಸದ್ದು’. ಕಿವಿ ಮೋಸ ಹೋದರೂ ಪರೀಕ್ಷೆ ಹೋಗದು.

ಇನ್ನೊಂದು ಪದ ನೀವು ಕೇಳಿಲ್ಲ, ಆದರೆ ಕೈಪಿಡಿಯಲ್ಲಿ ಬಂದೇ ಬರುತ್ತದೆ: ‘ಆಂಪ್ಲಿಫೈಯರ್’. ಕಾರಿನಲ್ಲಿ ಎರಡು ಇರಬಹುದು, ಒಂದು ಸ್ಪೀಕರಿಗೆ, ಇನ್ನೊಂದು ಆಂಟೆನಾ ಬುಡದಲ್ಲಿ. ಎರಡನೆಯದನ್ನು ‘ಆಂಟೆನಾ ಬೂಸ್ಟರ್’ ಎಂದೇ ಕರೆಯಿರಿ, ಇಲ್ಲವಾದರೆ ವೈರು ತಪ್ಪುತ್ತದೆ. ಹೊರಗಿನಿಂದ ತಂದು ಹಾಕುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಪೂರಾ ನೀಲಿ ವೈರು ಆಂಟೆನಾದ್ದು, ಬಿಳಿ ಗೆರೆಯ ನೀಲಿ ವೈರು ಸ್ಪೀಕರ್ ಆಂಪ್ಲಿಫೈಯರಿನದು. ಸೆಟ್ಟು ಬದಲಿಸಿದ ದಿನದಿಂದಲೇ ಬುಸುಗುಟ್ಟುತ್ತಿದ್ದರೆ ಮೊದಲು ಹಿಡಿಯಬೇಕಾದ್ದು ಆ ನೀಲಿ ವೈರನ್ನೇ. ಅದನ್ನು ಎಲ್ಲಿಗೂ ಜೋಡಿಸದೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ರೇಡಿಯೋ ಆನ್ ಇದ್ದಾಗ ಅದರಲ್ಲಿ 12 ವೋಲ್ಟ್ ಇರಬೇಕು. ಕೆಲವು ಕಾರುಗಳಲ್ಲಿ ಬೂಸ್ಟರಿಗೆ ಬೇರೆ ವೈರೇ ಇರುವುದಿಲ್ಲ, 12 ವೋಲ್ಟ್ ಆಂಟೆನಾ ಕೇಬಲಿನೊಳಗೇ ಹೋಗುತ್ತದೆ. ಅಂಥಲ್ಲಿ ಕೇಬಲಿಗೂ ಸೆಟ್ಟಿಗೂ ನಡುವೆ ಪವರ್ ಸೇರಿಸುವ ಅಡಾಪ್ಟರ್ ಹಾಕಿ, ನೀಲಿ ವೈರನ್ನು ಅದಕ್ಕೆ ಕೊಡಬೇಕು. ಬೂಸ್ಟರ್ ಇರುವ ಕಾರಿಗೆ ಮೇಲೆ ಹೇಳಿದ ಓಮ್ ಅಳತೆಗಳು ಹೊಂದುವುದಿಲ್ಲ ಎಂದೂ ಕೈಪಿಡಿಯಲ್ಲಿ ಸೇರಿಸಿ.

ಹಿಂದಿನ ಗಾಜಿನಲ್ಲಿ ಅಚ್ಚಾದ ಆಂಟೆನಾಕ್ಕೆ ‘ಗಾಜಿನ ಆಂಟೆನಾ’ ಸಾಕು. ಅದರ ಗೆರೆ ತುಂಡಾಗಿದ್ದರೆ ಬೆಳ್ಳಿ ಬೆರೆತ ವಿದ್ಯುತ್‌ವಾಹಕ ಬಣ್ಣದಿಂದ ಕೂಡಿಸಬಹುದು. ಗಾಜಿಗೆ ಲೋಹದ ಪುಡಿಯಿರುವ ಫಿಲಂ ಅಂಟಿಸಿದ್ದರೆ ಮಾತ್ರ ಬೂಸ್ಟರ್ ಬದಲಿಸಿಯೂ ಫಲವಿಲ್ಲ, ಫಿಲಂ ತೆಗೆಯಬೇಕು. ತೆಗೆಯುವಾಗ ಬ್ಲೇಡ್ ಹಾಕಿದರೆ ಗೆರೆಗಳೂ ಕಿತ್ತು ಬರುತ್ತವೆ ಎಂಬ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲೇ ಹಾಕಿ.